ಎಂಟನೆಯ ತಂಡದ ನಾಯಕಿ

ಅಪ್ಪನಿಗೆ ಮಗಳ ನಮಸ್ಕಾರ.

ಕಾಲೇಜು ಹುಡುಗಿಯರ ವಾಲಿಬಾಲ್ ಪಂದ್ಯಾವಳಿಯ ಬಗ್ಗೆ ಪತ್ರಿಕೆಯಲ್ಲಿ ನೀವು ನುಡಿದ ಭವಿಷ್ಯ ಓದಿದೆ. ಎಂಟು ತಂಡಗಳಲ್ಲಿ ನಮ್ಮದು ಎಂಟನೆಯದು. ಕಾರಣ, “ನಾಯಕಿಯ ಮಂಡಿಯನ್ನು ನಂಬುವಂತಿಲ್ಲ.” ಆ ಮಂಡಿಯ ಆಪರೇಷನ್ ದಿನ ನನ್ನ ಕೈಹಿಡಿದು ಕೂತವರು ನೀವೇ. ಮನೆಯ ಗುಟ್ಟು ಅಚ್ಚಿಗೆ ಹೋಗಬೇಕಿತ್ತೇ?

ನೀವು ಮೊದಲಿಟ್ಟ ತಂಡದೊಡನೆ ನಿನ್ನೆ ಅಭ್ಯಾಸ ಪಂದ್ಯವಿತ್ತು. “ಹೊರಗೆ ಕೂತ್ಕೋತೀಯೇನಮ್ಮಾ?” ಎಂದರು ಕೋಚ್. “ಕೂರೋಕೆ ಬಂದಿಲ್ಲ ಸರ್,” ಎಂದೆ. ಐದೂ ಸೆಟ್ ಆಡಿದೆ. ಕೊನೆಯ ಸೆಟ್ಟನ್ನು ಎರಡೇ ಅಂಕದಿಂದ ಸೋತೆವು. ಮಂಡಿ ನೋಯುತ್ತಿದೆ, ಆದರೆ ಕೈಕೊಡಲಿಲ್ಲ.

ಪಟ್ಟಿ ತಿದ್ದಬೇಡಿ. ಶನಿವಾರ ಮೊದಲ ಪಂದ್ಯಕ್ಕೆ ಬನ್ನಿ. ವರದಿಗಾರರ ಸಾಲು ಬಿಟ್ಟು ಅಮ್ಮನ ಪಕ್ಕ ಕೂರಿ. ಪೆನ್ನು ಮನೆಯಲ್ಲೇ ಇರಲಿ. ಚಪ್ಪಾಳೆಗೆ ಎರಡೂ ಕೈ ಬೇಕಾಗುತ್ತವೆ.

ಇಂತಿ,
ಸೋಲೊಪ್ಪದ ನಿಮ್ಮ ಮಗಳು