ನಲವತ್ತೊಂದನೆಯ ಅಣು

ಕಡಬ, ಮೇ ೧೯೮೭

ಪ್ರೀತಿಯ ಅಪ್ಪಚ್ಚಾ,

ನಿಮ್ಮನ್ನು ಕೊಂಡೊಯ್ದ ಮಲೇರಿಯಾಕ್ಕೆ ನಾವೀಗ ಕಂಪ್ಯೂಟರಿನಲ್ಲಿ ಹೊಸ ಮದ್ದು ಹುಡುಕುತ್ತಿದ್ದೇವೆ. ಕಳೆದ ವಾರ ಬೆಂಗಳೂರಿನ ಲ್ಯಾಬಿನಲ್ಲಿ ರೋಗಾಣುವಿನ ಪ್ರೋಟೀನಿನ ಅಂದಾಜು ಚಿತ್ರವನ್ನು ಪರದೆಯ ಮೇಲೆ ಮೂಡಿಸಿ, ಅದರ ಸಂದಿಗೆ ಮದ್ದಾಗಬಹುದಾದ ಒಂದೊಂದೇ ಅಣುವನ್ನು ತಿರುಗಿಸಿ ಕೂರಿಸಿ ನೋಡಿದೆ. ನಲವತ್ತೊಂದನೆಯದು ಸರಿಯಾಗಿ ಕೂತಿತು!

ರಜೆಗೆ ಬಂದವಳೇ ಅಮ್ಮನಿಗೆ ಹೇಳಿದೆ.

"ಕೂತರೆ ಸಾಕಾ ಅಲ್ಫೋನ್ಸಾ? ರಬ್ಬರು ಗಿಡಕ್ಕೆ ಕಟ್ಟಿದ ಕಸಿಯೂ ಕೂತ ಹಾಗೆ ಕಾಣ್ತದೆ. ಚಿಗುರಬೇಕಲ್ಲ!"

ಹೌದು, ಇನ್ನು ಅದನ್ನು ನಿಜವಾಗಿ ತಯಾರಿಸಿ ರೋಗಾಣುವಿನ ಮೇಲೆ ಹಾಕಿ ನೋಡಬೇಕು. ಏನಾದೀತೋ ಎಂಬ ಕುತೂಹಲ ತಡೆಯಲಾಗುತ್ತಿಲ್ಲ.

ನಿಮಗೆ ಎಷ್ಟು ದಿನ ಜ್ವರವಿತ್ತೆಂದು ಅಮ್ಮನನ್ನು ಮೊದಲ ಸಲ ಕೇಳಿದೆ.

"ಹದಿನಾಲ್ಕು. ಮಗಳಿಗೆ ಪರೀಕ್ಷೆ ಉಂಟು, ತಿಳಿಸುದು ಬೇಡ ಅಂತ ಅಪ್ಪಚ್ಚನೇ ಅಂದರು."

ಆ ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ, ಅಪ್ಪಚ್ಚಾ.