ಕೇಳುವುದಕ್ಕೆ ನಾಲ್ಕು ಪದ

ಮಾರ್ಚ್ 4, ಊಟದ ಬಿಡುವು

ಇಂದಿನ ಇಂಗ್ಲಿಷ್ ಪಾಠದ ಪದ ಆಸ್ಕ್. ಸೋಪಿನ ರಟ್ಟಿನ ಮೇಲೆ ದಪ್ಪಗೆ ಬರೆದೆ. ಲಾಂಡ್ರಿಯ ಇಸ್ತ್ರಿ ಹೆಂಗಸರು ಹನ್ನೊಂದು ಜನ ಬಂದರು. ಗೋಡೆಗೆ ಒರಗಿ ಕಾಲು ಚಾಚಿ ಕೂತರು. ದಿನವಿಡೀ ಅವರು ಕೂರುವುದು ಈ ಅರ್ಧ ಗಂಟೆ ಮಾತ್ರ. ಉಳಿದ ಒಂಬತ್ತು ಗಂಟೆ ನಿಂತೇ.

ಕೇಳುವುದಕ್ಕೆ ನಾಲ್ಕು ಪದ ಕೊಟ್ಟೆ. ಆಸ್ಕ್ — ಸುಮ್ಮನೆ ಕೇಳುವುದು. ರಿಕ್ವೆಸ್ಟ್ — ವಿನಯದಿಂದ. ಡಿಮ್ಯಾಂಡ್ — ಹಕ್ಕಿನಿಂದ. ಬೆಗ್ — ಬೇಡುವುದು.

"ನಮ್ಮನೆಯವರು ಕಾಫಿ ಕೇಳೋದು ಯಾವುದ್ರಲ್ಲಿ ಬರುತ್ತೆ?" ಎಲ್ಲರೂ ಉದ್ದಕ್ಕ ಎನ್ನುವ ಎತ್ತರದವಳು ಕೇಳಿದಳು.

"ನೀನೇ ಹೇಳು."

"ಕಾಫಿ ಡಿಮ್ಯಾಂಡು. ನಾನು ತಿರುಗಿ ನೋಡಿದ್ರೆ ಸಕ್ಕರೆ ರಿಕ್ವೆಸ್ಟು."

ಅವರಲ್ಲೊಬ್ಬಳು ಏಳು ತಿಂಗಳ ಬಸುರಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಮಾತ್ರ ನಗಲಿಲ್ಲ, ನೋಟ್‌ಬುಕ್ಕಿನಲ್ಲಿ ಒಂದೊಂದೇ ಅಕ್ಷರ ಕೆತ್ತುತ್ತಿದ್ದಳು. ಪಕ್ಕದಲ್ಲಿ ಅವಳದೇ ಅರ್ಥ: ಬೆಗ್ — ಕೈ ಚಾಚೋದು.

ನಾನು ಹೇಳಿದ ಅರ್ಥಕ್ಕಿಂತ ವಾಸಿ. ಚೆನ್ನಾಗಿದೆ ಎಂದೆ.

ಮಾರ್ಚ್ 7

ಪತ್ರ ಬರೆಯುವುದೆಂದು ತೀರ್ಮಾನವಾಯಿತು. ಇಸ್ತ್ರಿ ಹಾಲಿಗೆ ಆರು ಸ್ಟೂಲ್ ಬೇಕು, ಸರದಿಯಲ್ಲಿ ಕೂರಲು. ಮಾಲೀಕನಿಗೆ ನಮ್ಮ ಭಾಷೆ ಬಾರದು. ಇಂಗ್ಲಿಷ್ ಬರುವವಳು ನಾನೊಬ್ಬಳೇ, ಆಫೀಸಿನ ಗುಮಾಸ್ತೆ.

"ಮಗಳೇ, ಆ ಗಟ್ಟಿ ಪದ ಹಾಕು," ಎಂದಳು ದೊಡ್ಡಕ್ಕ. "ಡಿಮ್ಯಾಂಡು."

ಹಾಕುತ್ತೇನೆ ಎಂದೆ. ಜೋರಾಗಿಯೇ ಎಂದೆ.

ಮಾರ್ಚ್ 8, ಬೆಳಿಗ್ಗೆ 11

ಟೈಪ್ ಮಾಡುತ್ತಿದ್ದೆ. ಮ್ಯಾನೇಜರ್ ಸ್ಟೇಪ್ಲರ್ ತೆಗೆದುಕೊಳ್ಳಲು ಬಂದ. ಹಿಂದೆ ನಿಂತ. ಸ್ಟೇಪ್ಲರ್ ಎತ್ತಿಕೊಂಡ. ಹೋದ.

ಡಿಮ್ಯಾಂಡ್ ಅಳಿಸಿದೆ. 'ವಿ ಹಂಬ್ಲಿ ಬೆಗ್' ಎಂದು ಹಾಕಿದೆ.

ಯಾರೂ ಹೆದರಿಸಿಲ್ಲ. ಅವನು ಓದಿದನೋ ಇಲ್ಲವೋ, ಅದೂ ಗೊತ್ತಿಲ್ಲ. ಆಫೀಸ್ ಪತ್ರದ ರೀತಿ ಇದು ಎಂದು ನನಗೆ ನಾನೇ ಹೇಳಿಕೊಂಡೆ... ಹಾಲಿನ ಇಪ್ಪತ್ತೆರಡೂ ಜನ ಓದದೆ ಸಹಿ ಹಾಕಿದರು. ನಾನು ಟೈಪ್ ಮಾಡಿದ್ದು, ಓದುವುದೇನು ಎಂದು.

ಮಾರ್ಚ್ 19

ಉತ್ತರ ಬಂತು. ನಮ್ಮ ಪತ್ರದ ಜೊತೆ ಸೇರಿಸಿ ನೋಟಿಸ್ ಬೋರ್ಡಿಗೆ ಚುಚ್ಚಿದ್ದಾರೆ. ನಿಮ್ಮ ಮೊರೆಗೆ ಮರುಗಿ ಒಂದು ಸ್ಟೂಲ್. ಯಾರಿಗೆ, ಯಾವಾಗ — ಮ್ಯಾನೇಜರ್ ಇಷ್ಟ.

ಸ್ಟೂಲ್ ಅವನ ರೂಮಿನಲ್ಲಿದೆ. ಮಧ್ಯಾಹ್ನ ಬಸುರಿ ಹೋಗಿ ಕೇಳಿದಳು. ನಾನು ಎದುರಿನ ಮೇಜಿನಲ್ಲೇ ಇದ್ದೆ.

"ಹೀಗೆ ಕೇಳಿದ್ರೆ ಆಗುತ್ತಾ?" ಎಂದ ಮ್ಯಾನೇಜರ್. "ಪತ್ರದಲ್ಲಿ ಎಷ್ಟು ಚೆನ್ನಾಗಿ ಬೇಡಿದ್ರಿ. ಹಾಗೆ ಬೇಡಮ್ಮ."

ಅವಳು ತಲೆ ತಗ್ಗಿಸಿ ನಿಂತಳು. ಬೇಡಲಿಲ್ಲ. ವಾಪಸ್ ಹೋದಳು. ನಾನು ಕುರ್ಚಿಯಲ್ಲಿ ಕೂತಿದ್ದೆ. ಇದನ್ನು ಬರೆಯಲೇಬೇಕು — ಕೂತಿದ್ದೆ.

ಮಾರ್ಚ್ 20

ದೊಡ್ಡಕ್ಕ ನೋಟ್‌ಬುಕ್ ಹಿಡಿದು ಬೋರ್ಡಿನ ಮುಂದೆ. ಬೆರಳಿಟ್ಟು ಅಕ್ಷರ ಅಕ್ಷರ ತಾಳೆ ನೋಡುತ್ತಿದ್ದಾಳೆ. ಬಿ. ಇ. ಜಿ.

"ಮೇಡಂ, ಇದು ನೀವು ಹೇಳಿಕೊಟ್ಟದ್ದೇ ಅಲ್ವಾ?"

ಮೇಡಂ! ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು.

"ಆಫೀಸ್ ಪತ್ರ ಹಾಗೇ ಬರೆಯೋದು ದೊಡ್ಡಕ್ಕ. ಅದೊಂದು ಪದ್ಧತಿ."

"ಹಂಗಿದ್ರೆ ಅವತ್ತೇ ಹೇಳಬೇಕಿತ್ತು. ನಾನು ಕೈ ಚಾಚೋದು ಅಂತ ಬರ್ಕೊಂಡಾಗ ಚೆನ್ನಾಗಿದೆ ಅಂದ್ರಿ."

ಉದ್ದಕ್ಕ ಹಿಂದಿನಿಂದ ಅಂದಳು: "ಬಿಡಕ್ಕ. ಮೇಡಂಗೆ ಕುರ್ಚಿ ಸಿಕ್ಕಿದೆ. ಬೀಳಬಾರದಲ್ಲ."

ಇಪ್ಪತ್ತೆರಡು ಜನರ ಕೈ ಚಾಚಿಸಿದೆ. ಅವರ ಸಹಿಯಲ್ಲೇ.

ಮಾರ್ಚ್ 21, 22, 23

ಪಾಠಕ್ಕೆ ಯಾರೂ ಬರಲಿಲ್ಲ. ರಟ್ಟು ಮಾತ್ರ.

ಮಾರ್ಚ್ 24, ಸಂಜೆ

ಅಮ್ಮ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮೀನಖಂಡದ ತುಂಬ ಗಂಟು ಗಂಟು ನೀಲಿ ನರ. ಅದೇ ಹಾಲಿನಲ್ಲಿ, ದೊಡ್ಡಕ್ಕನ ಪಕ್ಕದ ಮೇಜಿನಲ್ಲಿ, ಇಪ್ಪತ್ತಾರು ವರ್ಷ ನಿಂತ ಕಾಲು. ಆ ಕಾಲು ನನ್ನನ್ನು ಓದಿಸಿತು. ಓದಿ ನಾನು ಕಲಿತದ್ದು ಈ ಪದ.

"ದೊಡ್ಡಕ್ಕ ಹೇಗಿದಾಳೆ?"

"ಚೆನ್ನಾಗಿದಾಳೆ."

"ಸ್ಟೂಲ್ ಬಂತಾ?"

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟೆ.

ಮಾರ್ಚ್ 25, ಬೆಳಿಗ್ಗೆ 11.40

ಹೊಸ ಪತ್ರ. 'ವಿ ಡಿಮ್ಯಾಂಡ್ ಸಿಕ್ಸ್ ಸ್ಟೂಲ್ಸ್.' ಹಂಬ್ಲಿ ಇಲ್ಲ. ಹಾಲಿಗೆ ಹೋಗಿ ಪದಕ್ಕೆ ಪದ ಓದಿ ಅರ್ಥ ಹೇಳಿದೆ. ಆಮೇಲೆ ನನ್ನ ಕುರ್ಚಿಯನ್ನೂ ಎಳೆದು ತಂದು ಬಸುರಿಗೆ ಕೊಟ್ಟೆ.

ದೊಡ್ಡಕ್ಕ ಹಾಳೆಯನ್ನು ನೋಟ್‌ಬುಕ್ಕಿನ ಜೊತೆ ತಾಳೆ ನೋಡಿದಳು. ಈ ಸಲ ನನ್ನ ಮಾತಿನ ಮೇಲೆ ಬಿಡಲಿಲ್ಲ. ಡಿ ಇಂದ ಡಿ ವರೆಗೆ. ಹಾಳೆ ನನ್ನ ಕೈಗೇ ಕೊಟ್ಟಳು.

"ಕುರ್ಚಿ ಕೊಟ್ಟು ತಪ್ಪಿಸ್ಕೋಬೇಡಿ ಮೇಡಂ. ಮೊದಲನೇ ಸಹಿ ನಿಮ್ದು."

ಪೆನ್ನು ತರುತ್ತೇನೆಂದು ಆಫೀಸಿಗೆ ಬಂದೆ. ಹತ್ತು ನಿಮಿಷವಾಯಿತು. ನಿಂತೇ ಬರೆಯುತ್ತಿದ್ದೇನೆ. ಇಷ್ಟಕ್ಕೇ ಮಂಡಿ ನೋಯುತ್ತಿದೆ, ನಾಚಿಕೆಗೇಡು. ಮ್ಯಾನೇಜರ್ ರೂಮಿನ ಬಾಗಿಲು ತೆರೆದಿದೆ. ಹಾಳೆ ಮೇಜಿನ ಮೇಲೆ ಬಿಚ್ಚಿಯೇ ಇದೆ, ನೋಡಲಿ. ಇಲ್ಲಿ ಬರೆಯುತ್ತಾ ನಿಂತಿರುವುದೂ ತಪ್ಪಿಸಿಕೊಳ್ಳುವುದೇ. ಪೆನ್ನು ಕೈಯಲ್ಲೇ ಇದೆಯಲ್ಲ. ಇದೇ ಪೆನ್ನಿನಲ್ಲಿ, ಎಲ್ಲರಿಗಿಂತ ಮೇಲೆ, ಪೂರ್ತಿ ಹೆಸರು ಹಾಕುತ್ತಿದ್ದೇನೆ.