ಫೊಫಿ ಬಿಳಿ ಉಟ್ಟ ದಿನ

ಮಾರ್ಚ್ 3, ಬೆಳಗ್ಗೆ 5
ಮಾತ್ರೆ ಎರಡು, ಗಂಜಿ ಅರ್ಧ ಬಟ್ಟಲು. ಇವತ್ತು ಅವಳಿಗೆ ಮೂವತ್ತರಲ್ಲಿ ಇಪ್ಪತ್ತೊಂದನೇ ರೇಡಿಯೇಷನ್. ಫೊಫಿ ಆಗಲೇ ಚಪ್ಪಲಿ ಮೆಟ್ಟಿ ಕೂತಿದ್ದಾಳೆ. ಆಸ್ಪತ್ರೆಗೆ ಮುಂಚೆ ಮಾರ್ಕೆಟ್ ಆಗಬೇಕಂತೆ. ಕುಮಾಸಿ ಮಾರ್ಕೆಟ್ಟಿನ ಟೊಮೇಟೊ ಸಾಲಿಗೆ ನನ್ನ ಹೆಂಡತಿಯೇ ರಾಣಿ. ಲಾರಿ ಬಂದರೆ ದರ ಕೂಗುವವಳು ಅವಳು, ಜಗಳ ಬಿಡಿಸುವವಳೂ ಅವಳೇ. ಅವಳ ತಲೆಯೊಳಗಿನ ಗಡ್ಡೆ ಕೆಲವು ಮಾತು ನುಂಗಿದೆ. 'ಪೆಟ್ಟಿಗೆ' ಎನ್ನಲು 'ಅದು... ಅದು' ಎನ್ನುತ್ತಾಳೆ. ಬೈಗುಳ ಮಾತ್ರ ಒಂದೂ ಮರೆತಿಲ್ಲ.

ಗಡ್ಡೆಯ ವಿಷಯ ಮಾರ್ಕೆಟ್ಟಿನಲ್ಲಿ ಯಾರಿಗೂ ಹೇಳಿಲ್ಲ. ಗೊತ್ತಾದರೆ ರಾಣಿಯ ಪೀಠಕ್ಕೆ ಬೇರೆಯವಳನ್ನು ಕೂರಿಸುತ್ತಾರೆ ಅಂತ ಭಯ.

ಮಾರ್ಚ್ 9
ಕೂದಲು ಕೈಗೇ ಬರತೊಡಗಿತು. ಪೂರ್ತಿ ಬೋಳಿಸಿಬಿಟ್ಟಳು. ನಮ್ಮಲ್ಲಿ ಹೆಂಗಸು ತಲೆ ಬೋಳಿಸಿದರೆ ಮನೆಯಲ್ಲಿ ಸಾವು ಎಂದೇ ಲೆಕ್ಕ. ಮಧ್ಯಾಹ್ನ ಬಾಗಿಲು ತೆರೆದರೆ ಕಪ್ಪು ಉಟ್ಟ ಹನ್ನೊಂದು ಟೊಮೇಟೊ ಹೆಂಗಸರು. ಅಳಲು ಬಂದಿದ್ದರು — ನನ್ನ ಸಾವಿಗೆ! ಮುಂದಿದ್ದ ಸೆರ್ವಾ, ಫೊಫಿಯ ಬಲಗೈ, ನನ್ನನ್ನು ಕಂಡು ಮೆಟ್ಟಿಲ ಮೇಲೆ ಕುಸಿದಳು. ಫೊಫಿ ಬಿದ್ದು ಬಿದ್ದು ನಕ್ಕಳು.

"ಇವ್ರೆಲ್ಲಿ ಸಾಯ್ತಾರೆ? ನನ್ ಕೈಲಿ ಬೈಸ್ಕೊಳ್ಳೋದು ಇನ್ನೂ ಬಾಕಿ ಐತೆ."

ಆಮೇಲೆ ತಾನೇ ಎಲ್ಲ ಹೇಳಿದಳು. ಸೆರ್ವಾ ಕಣ್ಣೊರೆಸಿಕೊಂಡು, ಎಲ್ಲ ಮುಗಿದ ಮೇಲಿನ ಸ್ಕ್ಯಾನ್ ಬರುವವರೆಗೂ ಪೀಠ ಫೊಫಿ ಅಮ್ಮನದೇ ಎಂದಳು. ಸ್ಕ್ಯಾನ್ ಬಂದ ಮೇಲೆ? ಅದನ್ನು ಯಾರೂ ಕೇಳಲಿಲ್ಲ.

ಮಾರ್ಚ್ 17
ಮೂವತ್ತೂ ಮುಗಿದವು. ಹೆಣ್ಣುಹುಲಿ ನನ್ನವಳು.

ಮೇ 4, ಬೆಳಗ್ಗೆ
ಇವತ್ತು ಸ್ಕ್ಯಾನ್ ರಿಸಲ್ಟ್. ಬಿಳಿ ಉಟ್ಟು ನಿಂತಿದ್ದಾಳೆ, ಅಪ್ಪಟ ಬಿಳಿ. ಕೋರ್ಟಲ್ಲಿ ಗೆದ್ದವರು, ಹೆತ್ತು ಬದುಕಿದವರು ಉಡುವ ಬಟ್ಟೆ ಅದು. ಮಗಳು ಪೊಕುವಾ ಕೂಗಾಡಿದಳು, ಮೊದಲು ಗೆಲ್ಲಬೇಕಲ್ಲವಾ ಅಂತ. ನಾನೂ ಬೇಡ ಎಂದೆ. ಹೆದರಿಕೆ ನನಗೆ. ಯಾರ ಮಾತು ಕೇಳಿದ್ದಾಳೆ ಇವಳು?

ಅದೇ ದಿನ, ಸಂಜೆ
ಆ ಬಟ್ಟೆ ನೋಡಿ ಡಾಕ್ಟರು ರಿಪೋರ್ಟು ಮಗುಚಿಟ್ಟರು. ಹೇಳಪ್ಪಾ, ಬಟ್ಟೆ ನೋಡಿ ಹೆದರಬೇಡ ಎಂದಳು ಫೊಫಿ. ಹೇಳಿದರು. ಗಡ್ಡೆ ಬೆಳೆದಿದೆ. ಇನ್ನೊಂದು ಕಡೆಯೂ ಒಂದು ಚುಕ್ಕೆ.

ಗೇಟಿನಲ್ಲಿ ಇಡೀ ಟೊಮೇಟೊ ಸಾಲು ಕಾದಿತ್ತು. ಬಿಳಿ ಕಂಡದ್ದೇ ತಡ, ಕರ್ಚೀಫು ಬೀಸಿ ಕುಣಿಯತೊಡಗಿದರು. ತಡೆಯಲು ಹೊರಟೆ. ಫೊಫಿ ಕೈ ಎತ್ತಿದಳು.

"ಬೆಳ್ದೈತೆ. ಗೆದ್ದಿದ್ದು ಅದನ್ನಲ್ಲ. ಮೂವತ್ ದಿನ ಆಸ್ಪತ್ರೇಲಿ ಆ... ಅದು... ಅದ್ರ ಕೆಳಗೆ ಮಲಗ್ದೆ. ಒಂದ್ ಲಾರೀನೂ ತಪ್ಪಿಸ್ಲಿಲ್ಲ. ಅದಕ್ಕೇ ಉಟ್ಟಿದ್ದು."

ಕರ್ಚೀಫುಗಳು ಒಂದೊಂದೇ ಕೆಳಗಿಳಿದವು.

"ಪೀಠ ಸೆರ್ವಾಗೆ. ನಾನೇ ಕೊಡೋದು, ಯಾರೂ ಕಿತ್ಕೊಳ್ಳೋದಲ್ಲ. ಇವತ್ತಲ್ಲ ಮತ್ತೆ. ಇವತ್ತಿನ ದರ ನಾನೇ ಕೂಗೋದು."

ಸೆರ್ವಾ ಅಳುತ್ತಲೇ ಅವಳ ತೋಳಿಗೆ ಬಿಳಿ ಪೌಡರ್ ಬಳಿದಳು. ಗೆದ್ದವರಿಗೆ ಬಳಿಯುವ ಹಾಗೆ. ಸಂಕಟ ಒಂದು ಕಡೆ. ಆದರೂ ಎದೆ ಉಬ್ಬಿತು, ಸುಳ್ಳು ಯಾಕೆ ಬರೆಯಲಿ. ಅವಳ ಬ್ಯಾಗು ಹಿಡಿದು ಹಿಂದೆ ಹಿಂದೆ ನಡೆದೆ.

ಮೇ 19
ಸೆರ್ವಾ ದಿನಾ ಕಲಿಯಲು ಬರುತ್ತಾಳೆ. ಪೆಟ್ಟಿಗೆಯ ಅಡಿಯಲ್ಲಿ ಕೊಳೆತದ್ದು ತುಂಬಿದ್ದರೆ ಹೇಗೆ ತಿಳಿಯುವುದು ಅಂತ ಫೊಫಿ ಅವಳ ಕೈ ಹಿಡಿದು ಹಣ್ಣುಗಳ ನಡುವೆ ಇಳಿಸಿ ತೋರಿಸಿದಳು. ಮಾತು ಬಹಳ ಕಡಿಮೆಯಾಗಿದೆ. ಇವತ್ತು ನನ್ನನ್ನು ಕರೆಯಲು ತಿರುಗಿದಳು. ಹೆಸರು ಬರಲಿಲ್ಲ. ಗಾಬರಿಯಾದಳು. ನಾನೇ ಹೋಗಿ ಪಕ್ಕದಲ್ಲಿ ನಿಂತೆ. ನನ್ನ ಮುಖ ನೋಡಿದಳು, ತುಂಬಾ ಹೊತ್ತು. ಆಮೇಲೆ ಸೆರ್ವಾ ಕಡೆ ತಿರುಗಿ, ಪೀಠದ ಮೇಲಿಂದ ತೀರ್ಪು ಕೊಡುವ ಗತ್ತಿನಲ್ಲೇ,

"ಇವ್ರು ನಮ್ಮೋರು" ಎಂದಳು.

ಸಾಕು ನನಗೆ. ಇನ್ನೇನು ಬೇಕು?